1804ರಲ್ಲಿ ಹುಟ್ಟದ 1804ರ ಡಾಲರು

ನಾನು ನಾಣ್ಯಶಾಸ್ತ್ರಜ್ಞನಲ್ಲ, ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು. ಈಚೆಗೆ ಹಳೆಯ ಶಿಷ್ಯರೊಬ್ಬರು ಬೆಳ್ಳಿಯಂತೆ ಹೊಳೆಯುವ ನಾಣ್ಯವೊಂದನ್ನು ನನ್ನ ಮುಂದಿಟ್ಟರು. ಅಮೆರಿಕದ ಡಾಲರು, ಇಸವಿ 1804. "ಕೋಟಿಗಟ್ಟಲೆ ಬಾಳುವುದಂತೆ, ಗುರುಗಳೇ. ಮಗಳ ಓದಿಗಾದೀತೆಂದು ಸಾಲ ಮಾಡಿ ಕೊಂಡೆ. ಇಸವಿ ಸ್ಪಷ್ಟವಾಗಿದೆಯಲ್ಲ?" ಎಂದರು. ಆ ಇಸವಿಯ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಫಿಲಡೆಲ್ಫಿಯದ ಟಂಕಸಾಲೆ ಮೊದಲ ಬೆಳ್ಳಿ ಡಾಲರುಗಳನ್ನು ಅಚ್ಚು ಹಾಕಿದ್ದು 1794ರಲ್ಲಿ. ಆ ವರ್ಷ ಹೊರಬಂದವು 1,758 ಮಾತ್ರ. ಆದರೆ ಡಾಲರುಗಳು ಸ್ವದೇಶದಲ್ಲಿ ನಿಲ್ಲದೆ ಪರದೇಶಗಳಿಗೆ ಹರಿದುಹೋಗತೊಡಗಿದವು. ಆದ್ದರಿಂದ 1804ರಲ್ಲಿ ಆ ಕೆಲಸ ನಿಂತಿತು. ಆ ವರ್ಷದ ಲೆಕ್ಕದಲ್ಲಿ 19,570 ಡಾಲರುಗಳಿವೆ, ನಿಜ. ಅವು ಹಿಂದಿನ ಇಸವಿಯ ಅಚ್ಚುಗಳಿಂದ ಒತ್ತಿದವು.

ಹಾಗಾದರೆ 1804 ಎಂದು ಕೆತ್ತಿದ ಡಾಲರುಗಳು ಎಲ್ಲಿಂದ ಬಂದವು? ಮೂವತ್ತು ವರ್ಷಗಳ ತರುವಾಯ, 1834ರಲ್ಲಿ, ಸಯಾಮಿನ ದೊರೆ, ಮಸ್ಕತ್ತಿನ ಸುಲ್ತಾನ ಮೊದಲಾದವರಿಗೆ ರಾಯಭಾರಿ ಎಡ್ಮಂಡ್ ರಾಬರ್ಟ್ಸ್ ಒಯ್ಯಬೇಕಾದ ಕಾಣಿಕೆಗಾಗಿ ಅಮೆರಿಕ ಸರ್ಕಾರ ನಾಣ್ಯಗಳನ್ನು ಕೇಳಿತು. ಡಾಲರು ಕಡೆಯ ಬಾರಿ ಅಚ್ಚಾದದ್ದು 1804ರಲ್ಲೆಂದು ಕಡತ ಹೇಳಿತು. ಹೊಸ ಅಚ್ಚಿನಲ್ಲಿ ಅದೇ ಇಸವಿ ಮೂಡಿತು! ಆ ಮೊದಲ ತಂಡದ ಎಂಟು ನಾಣ್ಯಗಳು ತಿಳಿದುಬಂದಿವೆ. ಸಂಗ್ರಾಹಕರ ಆಸೆ ಬೆಳೆದಂತೆ, 1858ರ ಸುಮಾರಿಗೆ ಟಂಕಸಾಲೆಯೊಳಗೇ ಗುಟ್ಟಾಗಿ ಇನ್ನಷ್ಟು ಒತ್ತಿದರು. ಅವುಗಳಲ್ಲೊಂದನ್ನು 1857ರ ಸ್ವಿಸ್ ನಾಣ್ಯದ ಮೇಲೆಯೇ ಒತ್ತಿದ್ದರಿಂದ, ಪೂರ್ತಿ ಅಳಿಯದ ಹಳೆಯ ಮುದ್ರೆ ಅದರ ನಿಜವಾದ ಕಾಲವನ್ನು ಹೇಳಿಬಿಟ್ಟಿತು. ಇಷ್ಟಾದರೂ ಬೆಲೆ ಕುಂದಲಿಲ್ಲ: ಮೊದಲ ತಂಡದ ಒಂದು ನಾಣ್ಯ 2021ರಲ್ಲಿ 76 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಇಸವಿಯನ್ನು ನಂಬಿ ಯಾರೂ ಅಷ್ಟು ಹಣ ಕೊಡಲಿಲ್ಲ; ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ವೃತ್ತಾಂತವನ್ನು ಪರಿಶೀಲಿಸಿ ಕೊಟ್ಟರು.

ಶಿಷ್ಯರೊಡನೆ ಅಕ್ಕಸಾಲಿಗರ ಅಂಗಡಿಗೆ ಹೋದೆ. ಆ ಕಾಲದ ಡಾಲರು ಸುಮಾರು 27 ಗ್ರಾಂ ತೂಗಬೇಕು. ಇದು ಇಪ್ಪತ್ತನ್ನೂ ಮುಟ್ಟಲಿಲ್ಲ. ಬೆಳ್ಳಿಯೂ ಅಲ್ಲ.

ಹಿಂತಿರುಗುವಾಗ ಅವರು ಮೆಲ್ಲನೆ ನುಡಿದರು: "ಓಲೆಗರಿಯ ಕೊನೆಯಲ್ಲಿರುವ ಕಾಲ ಪ್ರತಿ ಮಾಡಿದವನದು, ಕವಿಯದೆಂದು ತಿಳಿಯಬೇಡಿ ಎಂದು ತರಗತಿಯಲ್ಲಿ ಹೇಳುತ್ತಿದ್ದಿರಿ." ಹೇಳುತ್ತಿದ್ದೆ, ನಿಜ. ಅದು ಪರೀಕ್ಷೆಯ ಉತ್ತರಪತ್ರಿಕೆಗಷ್ಟೇ ಉಳಿದುಹೋದದ್ದರಲ್ಲಿ ನನ್ನ ಪಾಲೂ ಇದೆಯೆಂದು ಆ ಸಂಜೆ ಅನಿಸಿತು.