ವೇಲಾದ ಗುಟ್ಟು ಹಿಡಿದ ಗೌರಿಬಿದನೂರಿನ ತಂತಿಗಳು

ದೂರದರ್ಶಕ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮಸೂರ ಕೂರಿಸಿದ ಕೊಳವೆ, ಇಲ್ಲವೇ ಬಾಣಲೆಯಂಥ ಡಿಶ್. ಗೌರಿಬಿದನೂರಿನ ಬಯಲಲ್ಲಿ 1976ರಿಂದ ಕೆಲಸ ಶುರುಮಾಡಿದ ದೂರದರ್ಶಕದಲ್ಲಿ ಎರಡೂ ಇರಲಿಲ್ಲ. ತಾಲ್ಲೂಕು ಆಗಿನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಸೇರಿ ಅಲ್ಲಿ ಟಿ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ನಿಲ್ಲಿಸಿದ್ದವು. ಪೂರ್ವ–ಪಶ್ಚಿಮದ ತೋಳೊಂದೇ ಸುಮಾರು 1.4 ಕಿ.ಮೀ. ಉದ್ದ. ಅವು ಹಿಡಿಯುತ್ತಿದ್ದದ್ದು 34.5 ಮೆಗಾಹರ್ಟ್ಸ್, ಅಂದರೆ ಎಂಟೂವರೆ ಮೀಟರಿಗೂ ಉದ್ದದ ಅಲೆ. ಅಂಥ ಅಲೆಗೆ ತಂತಿಯ ಸಾಲೇ ಸಾಕು.

ರೇಡಿಯೊ ಎಂಬ ಹೆಸರಿನಿಂದ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟಿದೆ: ಅಲ್ಲಿ ನಕ್ಷತ್ರಗಳ ಸದ್ದು ಕೇಳುತ್ತಾರೆ ಎಂದು. ರೇಡಿಯೊ ಅಲೆ ಸದ್ದಲ್ಲ, ಬೆಳಕಿನದೇ ಕುಲ. ಅಲೆಯ ಉದ್ದ ಮಾತ್ರ ಬೇರೆ.

ಈ ತಂತಿಗಳು ಹಿಡಿದ ಅಲೆಗಳಲ್ಲಿ ಸೂಪರ್‌ನೋವಾ ಅವಶೇಷಗಳವೂ ಇದ್ದವು. ಅಂಥ ಅವಶೇಷವೆಂದರೆ ಆರಿಹೋದ ಬೂದಿ ಎಂದುಕೊಳ್ಳುವವರೂ ಇದ್ದಾರೆ. ನಕ್ಷತ್ರ ಸಿಡಿದು ಸಾವಿರಾರು ವರ್ಷ ಕಳೆದರೂ ಅದರ ಆಘಾತದ ಅಲೆ ಸುತ್ತಲ ಅನಿಲವನ್ನು ದೂಡುತ್ತಲೇ ಇರುತ್ತದೆ. ಅಲ್ಲಿ ಬೆಳಕಿನ ವೇಗದ ಹತ್ತಿರಕ್ಕೆ ಬಂದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ರೇಡಿಯೊ ಅಲೆ ಸೂಸುತ್ತವೆ. ಇದು ಕೆಂಡದ ಕಾವಿನಿಂದ ಬರುವ ಹೊಳಪಲ್ಲ. ಚಿತ್ರಗಳಲ್ಲಿ ಕಾಣುವ ಉಂಗುರವೂ ನಿಜವಾದ ಉಂಗುರವಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯ ರೇಷ್ಮೆ ಗೂಡೊಂದನ್ನು ಬೆಳಕಿಗೆ ಹಿಡಿದರೆ ನಡು ತೆಳುವಾಗಿ, ಅಂಚು ದಟ್ಟವಾಗಿ ಕಾಣುತ್ತದೆ. ಅಂಚಿನಲ್ಲಿ ನೋಟ ಹೆಚ್ಚು ಪದರವನ್ನು ಹಾಯಬೇಕಲ್ಲ! ಪೊಳ್ಳು ಗೋಳದಂಥ ಅವಶೇಷವೂ ಹಾಗೆಯೇ ಅಂಚಿನಲ್ಲಿ ಹೆಚ್ಚು ಬೆಳಗುತ್ತದೆ.

ಹಾಗಾದರೆ ಎಲ್ಲ ಅವಶೇಷವೂ ಗೂಡಿನಂತೆ ಪೊಳ್ಳೇ? ಅಲ್ಲ. 1054ರಲ್ಲಿ ಚೀನೀಯರು ದಾಖಲಿಸಿದ ಸ್ಫೋಟದಿಂದ ಉಳಿದ ಏಡಿ ನೀಹಾರಿಕೆ ನಡುವಿನವರೆಗೂ ತುಂಬಿಕೊಂಡಿದೆ. ಸೆಕೆಂಡಿಗೆ ಸುಮಾರು 30 ಸಲ ತಿರುಗುವ ಪಲ್ಸಾರ್, ಅಂದರೆ ಸಿಡಿದ ನಕ್ಷತ್ರದ ಕುಸಿದ ತಿರುಳು, ಒಳಗಿನಿಂದ ಅದಕ್ಕೆ ಶಕ್ತಿ ಊಡುತ್ತಿದೆ. ಪ್ರತಿ ಅವಶೇಷದ ನಡುವೆ ಪಲ್ಸಾರ್ ಇರಲೇಬೇಕೆಂದೂ ಇಲ್ಲ. ಟೈಕೊ ಬ್ರಾಹೆ 1572ರಲ್ಲಿ ಕಂಡ ಸ್ಫೋಟದಲ್ಲಿ ಶ್ವೇತಕುಬ್ಜ ನಕ್ಷತ್ರ ಪೂರ್ತಿ ಛಿದ್ರವಾಗಿತ್ತು.

ಗೌರಿಬಿದನೂರಿನ ಕೆಲಸ ತೂಕದ್ದು ಎನ್ನಿಸುವುದು ಇಲ್ಲಿಯೇ. ಅಷ್ಟುದ್ದದ ದೂರದರ್ಶಕ ಬಲು ಸ್ಪಷ್ಟ ಚಿತ್ರ ಕೊಟ್ಟಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ಅಲೆಯೇ ಉದ್ದವಾದ್ದರಿಂದ ಚಂದ್ರಬಿಂಬದಷ್ಟು ಅಗಲದ ಜಾಗಕ್ಕಿಂತ ಸಣ್ಣ ವಿವರ ಅದಕ್ಕೆ ದಕ್ಕುತ್ತಿರಲಿಲ್ಲ. ಆದರೂ ಅದರ ಅಳತೆಗೆ ಬೆಲೆಯಿತ್ತು. ಒಂದೇ ಅವಶೇಷ ಕೆಳಗಿನ ಮತ್ತು ಮೇಲಿನ ಆವರ್ತನಗಳಲ್ಲಿ ಎಷ್ಟೆಷ್ಟು ಪ್ರಖರವೆಂದು ಹೋಲಿಸಿದರೆ ಅದರ ಹುಟ್ಟಿನ ಸುಳಿವು ಸಿಗುತ್ತದೆ. ಪಲ್ಸಾರ್ ಪೋಷಿಸುವ ಅವಶೇಷದ ಪ್ರಖರತೆ ಆವರ್ತನ ಏರಿದಂತೆ ನಿಧಾನವಾಗಿ ಇಳಿಯುತ್ತದೆ, ಗೂಡಿನಂಥದ್ದು ಕಡಿದಾಗಿ ಇಳಿಯುತ್ತದೆ. ಸಿ.ವಿ. ಶಾಸ್ತ್ರಿ, ಕೆ.ಎಸ್. ದ್ವಾರಕಾನಾಥ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ಸಿಗ್ನಸ್ ಲೂಪ್, ಎಚ್‌ಬಿ 9, ಐಸಿ 443 ಅವಶೇಷಗಳನ್ನು ಇಲ್ಲಿಂದ ಅಳೆದರು. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರ 34.5 ಮೆಗಾಹರ್ಟ್ಸ್ ಆಕಾಶ ನಕ್ಷೆ 1990ರಲ್ಲಿ ಪ್ರಕಟವಾಯಿತು.

ವೇಲಾ ಅವಶೇಷದ ಎಕ್ಸ್, ವೈ, ಜೆಡ್ ಎಂಬ ಮೂರು ಭಾಗಗಳೂ ಒಂದೇ ಬಗೆಯವೇ ಎಂಬುದು ಬಹುಕಾಲದ ಚರ್ಚೆ. 1991ರಲ್ಲಿ ದ್ವಾರಕಾನಾಥ್ ಪ್ರಕಟಿಸಿದ ಅಳತೆಯಲ್ಲಿ ಎಕ್ಸ್ ಭಾಗದ ಇಳಿಕೆ ನಿಧಾನವಾಗಿತ್ತು, ವೈ–ಜೆಡ್ ಭಾಗದ್ದು ಕಡಿದಾಗಿತ್ತು. ಎಕ್ಸ್ ಪಲ್ಸಾರ್ ಪೋಷಿತ, ಉಳಿದದ್ದು ಗೂಡು ಎಂಬ ವಾದಕ್ಕೆ ಇದರಿಂದ ಬಲ ಬಂತು. ಉತ್ತರ ಯುರೋಪಿನ ದೂರದರ್ಶಕಗಳಿಗೆ ವೇಲಾ ದಿಗಂತದ ಮೇಲೆ ಏರುವುದೇ ಇಲ್ಲ. ಗೌರಿಬಿದನೂರಿಗೆ ಅದು ಚೆನ್ನಾಗಿ ಎಟುಕುತ್ತದೆ. ಗುಡ್ಡದ ನೆತ್ತಿಯಲ್ಲಿ ಗುಮ್ಮಟ ಕಟ್ಟಿದರೆ ಮಾತ್ರ ಖಗೋಳ ವಿಜ್ಞಾನ ಎನ್ನುವವರು ಈ ತಂತಿಸಾಲಿನ ಕೆಲಸವನ್ನು ಒಮ್ಮೆ ಗಮನಿಸಬೇಕು.

ಮಾರ್ಚ್ ಆರಂಭದ ರಾತ್ರಿ ಹತ್ತರ ಹೊತ್ತಿಗೆ ಚಿಂತಾಮಣಿಯಲ್ಲೋ ಚಿಕ್ಕಬಳ್ಳಾಪುರದಲ್ಲೋ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಅಗಸ್ತ್ಯ ನಕ್ಷತ್ರದ ಎಡಕ್ಕೆ, ತುಸು ಮೇಲೆ ನೋಡಿ. ಬರಿಗಣ್ಣಿಗೆ ಏನೂ ಕಾಣದ ಆ ಜಾಗದಲ್ಲಿ ಹದಿನಾರು ಚಂದ್ರಬಿಂಬಗಳಷ್ಟು ಅಗಲಕ್ಕೆ ವೇಲಾ ಹರಡಿಕೊಂಡಿದೆ.