ಕಂಬಕ್ಕಾಗದ ಸರ್ವೆ ಕುಂಡಕ್ಕಾದೀತು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಸರ್ವೆ ತೋಪು ತೆಗೆಸಿ ಅಡಿಕೆ ಸಸಿ ಹಾಕುವ ಸದಸ್ಯರು ಈಚೆಗೆ ಹೆಚ್ಚಾಗಿದ್ದಾರೆ. ಕಂಬದ ವ್ಯಾಪಾರಿ ಬಂದು ನೆಟ್ಟಗಿರುವ ಮರಗಳನ್ನೆಲ್ಲ ಎಣಿಸಿ ಕಡಿಸಿಕೊಂಡು ಹೋಗುತ್ತಾನೆ. ಬದುವಿನ ಅಂಚಿನಲ್ಲಿ ಮೇಕೆ ಬಾಯಿಗೆ ಸಿಕ್ಕಿದ್ದು, ಸೌದೆಗೆಂದು ಮಚ್ಚಿನ ಏಟು ತಿಂದದ್ದು, ಆಷಾಢದ ಗಾಳಿಗೆ ಒಂದೇ ಕಡೆ ವಾಲಿದ್ದು, ಇಂಥ ಸೊಟ್ಟ ಗಿಡಗಳು ಅವನಿಗೆ ಬೇಡ. ಮರುದಿನ ಜೆಸಿಬಿ ಬಂದು ಅವನ್ನು ಬುಡಸಮೇತ ಮಗುಚಿ ಮೂಲೆಗೆ ತಳ್ಳುತ್ತದೆ. ಒಣಗಿದ ಮೇಲೆ ಬೆಂಕಿ. ಸುಡುವ ಆ ರಾಶಿಗೆ ಹೋಗುವ ಮುಂಚೆ ನಾಲ್ಕಾರು ಗಿಡಗಳನ್ನು ಉಳಿಸಿಕೊಳ್ಳಿರೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಕಂಬಕ್ಕೆ ಬಾರದ ಗಿಡವೇ ಕುಂಡದಲ್ಲಿ ಬೆಳೆಸುವ ಕುಬ್ಜಮರಕ್ಕೆ, ಅಂದರೆ ಬೋನ್ಸಾಯ್‌ಗೆ, ಹೇಳಿ ಮಾಡಿಸಿದ್ದು.

ಸರ್ವೆ ನಮ್ಮ ಸೀಮೆಯ ಮೂಲದ ಮರವಲ್ಲ. ಆಸ್ಟ್ರೇಲಿಯದ ಉತ್ತರ ಮತ್ತು ಪೂರ್ವ ಕರಾವಳಿ, ಆಗ್ನೇಯ ಏಷ್ಯ, ಪೆಸಿಫಿಕ್ ದ್ವೀಪಗಳು ಅದರ ತವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರವಾರದ ಮರಳು ದಂಡೆಯಲ್ಲಿ ಇದನ್ನು ತೋಪಾಗಿ ಬೆಳೆಸಿದರು. ಕರಾವಳಿಯವರು ಇದನ್ನು ಗಾಳಿಮರ ಎನ್ನುತ್ತಾರೆ. ಆಸ್ಟ್ರೇಲಿಯದಿಂದ ಬಂದು ನಮ್ಮಲ್ಲಿ ನೆಲೆಯೂರಿದ ಮರಗಳು ಇನ್ನೂ ಇವೆ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದಿತೆನ್ನುವ ನೀಲಗಿರಿ ರಾಜ್ಯದ ಬಯಲುಸೀಮೆಯನ್ನೆಲ್ಲ ಆವರಿಸಿ, ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಕಾಫಿ ತೋಟದವರಿಗೆ ಸಿಲ್ವರ್ ಮರದ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಸಿಲ್ವರ್ ಎಲೆ ಜರೀಗಿಡದಂತೆ ಹರಡಿಕೊಳ್ಳುವುದರಿಂದ ಕುಂಡದ ಅಳತೆಗೆ ಒಗ್ಗುವುದಿಲ್ಲ. ನೀಲಗಿರಿಯ ಬೇರು ಕೆದಕಿದರೆ ಮುನಿಸಿಕೊಳ್ಳುತ್ತದೆ. ಉದ್ಯಾನಗಳಲ್ಲಿ ಕೆಂಪು ಹೂ ಬಿಡುವ ಬಾಟಲ್ ಬ್ರಷ್ ಕುಂಡಕ್ಕೆ ಚೆನ್ನಾಗಿಯೇ ಒಗ್ಗುತ್ತದೆ, ಆದರೆ ನಮ್ಮ ಹೊಲದಲ್ಲಿ ಅದರ ಹಳೆಯ ಬುಡ ಎಲ್ಲಿ ಸಿಗಬೇಕು? ಕೈಗೆ ಸಿಗುವುದು ಸರ್ವೆ.

ಇದನ್ನು ಪೈನ್ ಜಾತಿಯ ಮರವೆಂದು ತಿಳಿದವರು ಬಹಳ. ಅದು ತಪ್ಪು. ಸೂಜಿಯಂತೆ ಕಾಣುವುದು ಎಲೆಯಲ್ಲ, ಗೆಣ್ಣು ಗೆಣ್ಣಾದ ಹಸಿರು ಕಡ್ಡಿ. ಒಂದು ಕಡ್ಡಿಯನ್ನು ಗೆಣ್ಣಿನಲ್ಲಿ ಎಳೆದು ಬಿಡಿಸಿ ನೋಡಿ, ಸುತ್ತ ಹಲ್ಲಿನಂತೆ ಕಾಣುವ 6–8 ಸಣ್ಣ ಹುರುಪೆಗಳೇ ಅದರ ನಿಜವಾದ ಎಲೆ. ಪೈನ್‌ಗೆ ಹೂವಿಲ್ಲ, ಸರ್ವೆ ಹೂಬಿಡುವ ಮರ. ಶಾಸ್ತ್ರಕ್ಕಾಗಿ ಇದನ್ನು ಹೇಳುತ್ತಿಲ್ಲ. ಪೈನ್ ಎಂದು ನಂಬಿದವರು ಕುಂಡದಲ್ಲಿಯೂ ಅದನ್ನು ಪೈನ್ ಮಾಡಲು ಹೊರಡುತ್ತಾರೆ. ಪ್ರದರ್ಶನಗಳಲ್ಲಿ ನೋಡಿರಬಹುದು: ಕೊಂಬೆಗಳನ್ನೆಲ್ಲ ತಂತಿ ಸುತ್ತಿ ಕೆಳಕ್ಕೆಳೆದು, ಹಸಿರನ್ನು ತಟ್ಟೆ ಜೋಡಿಸಿದಂತೆ ಚಪ್ಪಟೆ ಕತ್ತರಿಸಿ, ಜಪಾನಿನ ಚಿತ್ರದಲ್ಲಿರುವ ಮರದ ಪಡಿಯಚ್ಚು ಮಾಡಿರುತ್ತಾರೆ. ಕೈಚಳಕ ಮೆಚ್ಚತಕ್ಕದ್ದೇ. ಆದರೆ ಅಂಥ ಸರ್ವೆ ಮರವನ್ನು ನಮ್ಮಲ್ಲಿ ಯಾರೂ ಯಾವ ಕೆರೆ ಏರಿಯ ಮೇಲೂ ಕಂಡಿಲ್ಲ. ಆಸ್ಟ್ರೇಲಿಯದ ಹವ್ಯಾಸಿಗಳಲ್ಲಿಯೂ ಇದೇ ಮಾತು ಎದ್ದಿತು. ತಮ್ಮ ನಾಡಿನ ಮರ ಬಯಲಿನಲ್ಲಿ ಹೇಗೆ ನಿಂತಿದೆಯೋ ಕುಂಡದಲ್ಲಿಯೂ ಹಾಗೆಯೇ ಕಾಣಬೇಕೆಂದು ಅವರಲ್ಲಿ ಹಲವರು ದುಡಿದಿದ್ದಾರೆ. ಸಹಜ ಶೈಲಿ ಎಂದರೆ ಇಷ್ಟೆ.

ಆದುದರಿಂದ ಕತ್ತರಿ ಹಿಡಿಯುವ ಮೊದಲು ಹಳೆಯ ಸರ್ವೆಯೊಂದನ್ನು ಹೋಗಿ ನೋಡಬೇಕು. ನಾಲೆಯ ದಂಡೆ, ಹಳೆಯ ಶಾಲೆಯ ಆವರಣ, ಪ್ರವಾಸಿ ಮಂದಿರ, ಎಲ್ಲಿಯಾದರೂ ಒಂದು ಇದ್ದೇ ಇರುತ್ತದೆ. ಎಳೆಯ ಮರ ಗೋಪುರದಂತೆ ಚೂಪಾಗಿರುತ್ತದೆ. ವಯಸ್ಸಾದಂತೆ ಕೆಳಗಿನ ಕೊಂಬೆಗಳು ಉದುರಿ, ಕಾಂಡ ಬರಿದಾಗಿ, ನೆತ್ತಿ ದುಂಡಗಾಗುತ್ತದೆ. ಕೊಂಬೆಗಳು ಕಾಂಡದಿಂದ ಮೇಲ್ಮುಖವಾಗಿಯೇ ಹೊರಡುತ್ತವೆ; ಜೋಲುವುದು ತುದಿಯ ಕಡ್ಡಿಗಳು ಮಾತ್ರ. ನಡುನಡುವೆ ಆಕಾಶ ಕಾಣುತ್ತದೆ. ತೊಗಟೆ ಉದ್ದುದ್ದಕ್ಕೆ ಸೀಳಿ ಒರಟಾಗಿರುತ್ತದೆ. ಮಳವಳ್ಳಿ ಕಡೆಯ ಬಯಲಿನಲ್ಲಿ ನೈಋತ್ಯದ ಗಾಳಿ ಬಡಿದ ಬದುವಿನ ಗಿಡಗಳಾದರೆ ನೆತ್ತಿಯೆಲ್ಲ ಒಂದೇ ಕಡೆಗೆ ಬಾಚಿದಂತೆ ನಿಂತಿರುತ್ತವೆ. ಇಷ್ಟನ್ನು ಕಣ್ಣಿನಲ್ಲಿ ತುಂಬಿಕೊಂಡರೆ ಅರ್ಧ ಕೆಲಸ ಆದಂತೆ.

ಗಿಡದ ಆಯ್ಕೆಯಲ್ಲಿ ಒಂದು ಮಾತು. ಈಚಿನ ತೋಪುಗಳಲ್ಲಿ ಹಲವು ಕೊಯಮತ್ತೂರಿನ ಅರಣ್ಯ ತಳಿ ಸಂಸ್ಥೆಯವರು ಕೊಟ್ಟ ಮಿಶ್ರತಳಿಗಳು. ನೆಟ್ಟಗೆ ಬೆಳೆಯಲೆಂದೇ ಆರಿಸಿದಂಥವು. ನಮಗೆ ಅಷ್ಟಾಗಿ ಉಪಯೋಗವಿಲ್ಲ. ಬೀಜದಿಂದ ಹುಟ್ಟಿ ಬದುವಿನಲ್ಲಿ ಕಷ್ಟಪಟ್ಟು ಬೆಳೆದದ್ದನ್ನು ನೋಡಿ. ಬುಡದಲ್ಲಿ 2ರಿಂದ 4 ಅಂಗುಲ ದಪ್ಪವಿರಲಿ, ಕೆಳಗಡೆ ಜೀವಂತ ಕೊಂಬೆಗಳಿರಲಿ. ಈ ಕೊನೆಯ ಮಾತು ಮುಖ್ಯ. ನೆಲಮಟ್ಟಕ್ಕೆ ಕಡಿದ ಸರ್ವೆಯ ಮೋಟು ನೀಲಗಿರಿಯಂತೆ ಸುಲಭವಾಗಿ ಚಿಗುರುವುದಿಲ್ಲ. ಒಂದೂವರೆ ಎರಡು ಅಡಿ ಎತ್ತರಕ್ಕೆ ಕಾಂಡ ತುಂಡರಿಸುವುದಾದರೆ ಕಡಿತದ ಕೆಳಗೆ ನಾಲ್ಕು ಹಸಿರು ಕಡ್ಡಿಯಾದರೂ ಉಳಿದಿರಬೇಕು. ಕೊಂಬೆ ಮೋಟು ಮಾಡುವಾಗಲೂ ಇದೇ ನಿಯಮ: ಹಸಿರು ಬಿಡದೆ ಕತ್ತರಿಸಿದರೆ ಆ ಕೊಂಬೆ ಬುಡದವರೆಗೆ ಒಣಗಬಹುದು.

ತೋಪು ತೆಗೆಸುವ ದಿನ ಗೊತ್ತಾದೊಡನೆ, ಸಾಧ್ಯವಾದರೆ ಎರಡು ತಿಂಗಳ ಮುಂಚೆ, ಬೇಕಾದ ಗಿಡದ ಸುತ್ತ ಒಂದು ಅಡಿ ದೂರದಲ್ಲಿ ಗುದ್ದಲಿಯಿಂದ ಬೇರು ಕತ್ತರಿಸಿ, ಮಣ್ಣು ಮುಚ್ಚಿ ನೀರು ಹಾಕಿ. ಮಳೆ ಹಿಡಿದು ಹೊಸ ಬೇರು ಮೂಡಿದ ಮೇಲೆ ತಾಯಿಬೇರು ಕಡಿದು ಹೆಂಟೆಸಮೇತ ಎತ್ತಬಹುದು. ಕಾಂಡದ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ಅಡಿಕೆ ಕೊಳೆರೋಗಕ್ಕೆಂದು ಮೈಲುತುತ್ತ, ಸುಣ್ಣ ತಂದಿಟ್ಟವರಿಗೆ ಅದಕ್ಕೆ ಬೇರೆ ಖರ್ಚಿಲ್ಲ.

ಮೊದಲ ಮೂರು ವರ್ಷಕ್ಕೆ ಚಂದದ ತಟ್ಟೆ ಬೇಡ. ಅಗಲ ಬಾಯಿಯ ಮಣ್ಣಿನ ಕುಂಡ ಅಥವಾ ಸಿಮೆಂಟ್ ತೊಟ್ಟಿ ಸಾಕು. ನೀರು ಹರಿದು ಹೋಗಲು ತಳದಲ್ಲಿ ದೊಡ್ಡ ತೂತುಗಳಿರಬೇಕು. ಜರಡಿ ಹಿಡಿದ ಇಟ್ಟಿಗೆ ಚೂರು 3 ಪಾಲು, ಕೆಂಪು ಮಣ್ಣು 1 ಪಾಲು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ 1 ಪಾಲು. ಇದರ ಜೊತೆ ಹಳೆಯ ಸರ್ವೆಯ ಬುಡದಿಂದ ಒಂದು ಬೊಗಸೆ ಮಣ್ಣು ಸೇರಿಸುವುದನ್ನು ಮರೆಯಬೇಡಿ. ಸರ್ವೆಯ ಬೇರುಗಂಟುಗಳಲ್ಲಿ ಫ್ರಾಂಕಿಯ ಎಂಬ ಸೂಕ್ಷ್ಮಜೀವಿ ವಾಸಿಸಿ, ಗಾಳಿಯ ಸಾರಜನಕವನ್ನು ಮರಕ್ಕೆ ಒದಗಿಸುತ್ತದೆ. ಬಡ ಮರಳಿನಲ್ಲೂ ಸರ್ವೆ ಬದುಕುವ ಗುಟ್ಟು ಇದೇ. ಗಂಟು ಚೆನ್ನಾಗಿದ್ದರೆ ಯೂರಿಯದ ಮಾತೇ ಬೇಡ, ತಿಂಗಳಿಗೊಮ್ಮೆ ಒಂದು ಚಮಚ ಹೊಂಗೆ ಹಿಂಡಿ ಸಾಕು.

ನೆಟ್ಟ ಮೇಲೆ ಮೂರು ನಾಲ್ಕು ವಾರ ಗಿಡವನ್ನು ಅಡಿಕೆ ತೋಟದೊಳಗೆ ಇಡಿ. ಅಲ್ಲಿನ ಚದುರಿದ ನೆರಳು, ತಂಪು ಎಷ್ಟು ದುಡ್ಡು ಕೊಟ್ಟು ಕಟ್ಟಿಸಿದ ನೆರಳುಮನೆಯಲ್ಲೂ ಸಿಗಲಾರದು. ಚಿಗುರು ಬಲಿತೊಡನೆ ಹೊರಗೆ ತನ್ನಿ, ಆಮೇಲೆ ಪೂರ್ತಿ ಬಿಸಿಲು ಬೇಕು. ನೆರಳಿನಲ್ಲೇ ಉಳಿದ ಸರ್ವೆ ಕಡ್ಡಿ ಕಡ್ಡಿಯಾಗಿ ಕೃಶವಾಗುತ್ತದೆ.

ಆಕಾರ ಕೊಡುವ ಕೆಲಸವನ್ನು ಕಾಫಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ದಕ್ಷಿಣ ಚೀನಾದಲ್ಲಿ ಲಿಂಗ್ನಾನ್ ಎಂಬ ಪದ್ಧತಿಯಿದೆ. ತಂತಿಗಿಂತ ಕತ್ತರಿಯನ್ನೇ ನಂಬಿದ ಪದ್ಧತಿ: ಬೆಳೆಯಲು ಬಿಡುವುದು, ಕತ್ತರಿಸುವುದು, ಮತ್ತೆ ಬಿಡುವುದು. ಕೊಂಬೆ ಪೆನ್ಸಿಲಿನಷ್ಟು ದಪ್ಪವಾಗುವವರೆಗೆ ಮುಟ್ಟಬಾರದು. ಆಮೇಲೆ ಎರಡು ಅಂಗುಲಕ್ಕೆ, ಹಸಿರಿನ ಮೇಲ್ಗಡೆ, ಕತ್ತರಿಸಬೇಕು. ಹೊರಟ ಚಿಗುರುಗಳಲ್ಲಿ ಬೇಕಾದ ದಿಕ್ಕಿನ ಒಂದೆರಡನ್ನು ಉಳಿಸಿ, ಮಿಕ್ಕದ್ದನ್ನು ಕಂಬಚಿಗುರು ತೆಗೆದಂತೆ ತೆಗೆಯಬೇಕು. ನಾಲ್ಕು ಸಲ ಹೀಗಾದರೆ ಕೊಂಬೆಗೆ ನಾಲ್ಕು ತಿರುವು ಬರುತ್ತದೆ, ಗಾಳಿಯೂ ಮಚ್ಚೂ ಹೊಲದಲ್ಲಿ ಮಾಡಿದ ತಿರುವಿನಂತೆಯೇ ಕಾಣುತ್ತದೆ. ಮರಗಸಿ ಮಾಡಿಸುವಾಗ ಯಾವ ಕೊಂಬೆ ತೆಗೆದರೆ ಎಲ್ಲಿ ಬೆಳಕು ಬೀಳುತ್ತದೆಂದು ಕೆಳಗೆ ನಿಂತು ಲೆಕ್ಕ ಹಾಕುತ್ತೇವಲ್ಲ, ಇಲ್ಲಿಯೂ ಅದೇ ಕಣ್ಣು. ಬೇಡದ ಎಳೆ ಕೊಂಬೆಯನ್ನು ವಾಲಿಸಬೇಕಾದಲ್ಲಿ ಮಾತ್ರ ಅಲ್ಯೂಮಿನಿಯಂ ತಂತಿ ಸುತ್ತಿ. ಸರ್ವೆ ಬೇಗ ದಪ್ಪವಾಗುವುದರಿಂದ ತಂತಿ ತೊಗಟೆಗೆ ಕಚ್ಚುವ ಮುಂಚೆ, ತಿಂಗಳಿಗೊಮ್ಮೆ ನೋಡಿ, ಬಿಚ್ಚಬೇಕು. ಹಳೆಯ ಮಚ್ಚಿನ ಗಾಯ, ಒಣಗಿದ ಕೊಂಬೆಯ ಮೋಟು ಇವನ್ನು ಅಂದಗೆಡಿಸುತ್ತವೆಂದು ಕೆತ್ತಿ ತೆಗೆಯಬೇಡಿ. ಆ ಗಿಡ ನಿಮ್ಮ ಹೊಲದ್ದೆಂದು ಹೇಳುವ ಗುರುತುಗಳು ಅವು.

ಮರವನ್ನು ಹೀಗೆ ಕುಬ್ಜ ಮಾಡುವುದು ಹಿಂಸೆಯಲ್ಲವೇ ಎಂದು ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕೇಳಿದ್ದರು. ಅರೇಬಿಕ ಕಾಫಿ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಹದಿನೈದು ಅಡಿಗೂ ಮೇಲೆ ಹೋಗುತ್ತದೆ. ಐದು ಅಡಿಗೆ ನೆತ್ತಿ ಚಿವುಟಿ, ವರ್ಷ ವರ್ಷ ಕಸಿ ಮಾಡಿ, ಐವತ್ತು ವರ್ಷ ಫಸಲು ತೆಗೆಯುವ ನಾವು ಈ ಪ್ರಶ್ನೆಗೆ ಬಹಳ ಹೆದರಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ಬಾಯಾರಿಸಿ ಸಾಯಿಸಿದರೆ ಅದು ಹಿಂಸೆ.

ನಿಜವಾದ ಅಪಾಯ ಇರುವುದೂ ಅಲ್ಲಿಯೇ. ಅಗಲ ಎಲೆಯ ಗಿಡ ಬಾಡಿ ತೋರಿಸುತ್ತದೆ. ಸರ್ವೆ ತೋರಿಸುವುದಿಲ್ಲ, ಬೇರು ಒಣಗಿದ ಮೇಲೂ ಕೆಲವು ದಿನ ಹಸಿರಾಗಿಯೇ ಇದ್ದು, ಬಣ್ಣ ಮಂಕಾಯಿತೆಂದು ನಮಗೆ ತಿಳಿಯುವಾಗ ಸತ್ತಿರುತ್ತದೆ. ಬೇಸಿಗೆಯಲ್ಲಿ ಎರಡು ಹೊತ್ತು ನೀರು ತಪ್ಪಬಾರದು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಸದಸ್ಯರಿಗೆ 2023ರ ಬರದ ನೆನಪಿರಬಹುದು. ಕುಂಡಕ್ಕೆ ಬೇಕಾದದ್ದು ಒಂದೆರಡು ಚೊಂಬು ನೀರು, ಅದು ಬೋರ್‌ವೆಲ್ ಕೈಕೊಟ್ಟ ಮನೆಯಲ್ಲೂ ಸಿಕ್ಕೀತು. ಆದರೆ ಮದುವೆ, ಜಾತ್ರೆಯೆಂದು ಮನೆಮಂದಿಯೆಲ್ಲ ಎರಡು ದಿನ ಬೀಗ ಹಾಕಿ ಹೋಗುವುದಾದರೆ ನೆರೆಯವರಿಗೆ ಹೇಳಿಯೇ ಹೋಗಬೇಕು. ಕಾಂಡದ ಮೇಲೆ ಮರದ ಹೊಟ್ಟು ಮತ್ತು ಹಿಕ್ಕೆ ಸೇರಿದ ಕಂದು ಪಟ್ಟಿ ಕಂಡರೆ ಅದು ತೊಗಟೆ ತಿನ್ನುವ ಹುಳುವಿನ ಕೆಲಸ. ಪಟ್ಟಿ ಕೆರೆದು, ತೂತಿಗೆ ತಂತಿ ಚುಚ್ಚಿ ಹುಳುವನ್ನು ಕೊಲ್ಲಿ.

ಇನ್ನು ದುಡ್ಡಿನ ವಿಚಾರ. ಬೋನ್ಸಾಯ್ ಬೆಳೆದು ಲಕ್ಷ ಎಣಿಸಬಹುದೆಂದು ಹೇಳುತ್ತ ಊರೂರಿಗೆ ಬರುವವರ ಮಾತಿಗೆ ಮರುಳಾಗಿ ಸಾಲ ಮಾಡಬೇಡಿ. ನೋಡುವಂತಾಗಲು ಐದಾರು ವರ್ಷ, ಚೆನ್ನಾಗಿದೆ ಎನಿಸಿಕೊಳ್ಳಲು ಹತ್ತು ವರ್ಷ ಬೇಕು. ಅಷ್ಟು ವರ್ಷದ ದಿನದ ಕೆಲಸಕ್ಕೆ ಲೆಕ್ಕ ಹಾಕಿದರೆ ಕೂಲಿಯೂ ಗಿಟ್ಟದು. ಮನೆಯ ಹಿರಿಯರು, ಶಾಲೆಗೆ ಹೋಗುವ ಮಕ್ಕಳು ಬಿಡುವಿನ ಹೊತ್ತಿನಲ್ಲಿ ಮಾಡಿದರೆ ಖರ್ಚಿಲ್ಲದ ಕೆಲಸ; ಎಂದಾದರೂ ಬೆಂಗಳೂರಿನವರು ಕೇಳಿ ಕೊಂಡರೆ ಅದು ಲಾಭ. ಒಳ್ಳೆಯ ಮಾದರಿ ನೋಡಬೇಕೆನ್ನುವವರು ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೂ ಲಾಲ್‌ಬಾಗಿನ ಬೋನ್ಸಾಯ್ ತೋಟಕ್ಕೂ ಹೋಗಿ ಬರಬಹುದು.

ಕೆರೆ ಏರಿ, ನಾಲೆ ದಂಡೆ, ಗುಂಡುತೋಪು, ಮುತ್ತತ್ತಿ ಕಾಡು ಇವುಗಳಿಂದ ಒಂದು ಗಿಡವನ್ನೂ ಕೀಳಬಾರದು. ಸ್ವಂತ ಜಮೀನಿನ ಸರ್ವೆಗೆ ಆ ತೊಡಕಿಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ಅದು ಸೇರಿದೆ. ಈ ಮುಂಗಾರಿಗೆ ತೋಪು ತೆಗೆಸುವ ಸದಸ್ಯರು ದಿನಾಂಕವನ್ನು ಸಂಘದ ಕಚೇರಿಗೆ ಮುಂಚಿತವಾಗಿ ತಿಳಿಸಿದರೆ, ಗಿಡ ಬೇಕೆಂದು ಹೆಸರು ಬರೆಸಿದವರನ್ನು ಗುದ್ದಲಿ, ಗೋಣಿಚೀಲದೊಡನೆ ಹಿಂದಿನ ದಿನವೇ ಕಳುಹಿಸಿಕೊಡಲಾಗುವುದು.