ತೆಳುವಾದ ಪ್ಲಾಸ್ಮಾದ ಅಳತೆ ಸಿಕ್ಕಿದ ಬಗೆ

ನಮ್ಮ ಭೂಮಿಯೇ ಒಂದು ಪ್ರಬಲ ರೇಡಿಯೊ ಪ್ರಸಾರಕ ಎಂಬ ಸಂಗತಿ 1960ರ ದಶಕದವರೆಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ: ಈ ಅಲೆಗಳು ಹುಟ್ಟುವುದು ಧ್ರುವಪ್ರಭೆ ಮೂಡುವ ಪ್ರದೇಶದಿಂದ ಸಾವಿರಾರು ಕಿಲೋಮೀಟರ್ ಮೇಲೆ; ಅವನ್ನು ನೆಲಕ್ಕಿಳಿಯಲು ಅಯಾನುಗೋಳ ಬಿಡುವುದಿಲ್ಲ. 1965ರಲ್ಲಿ ಸೋವಿಯತ್ ವಿಜ್ಞಾನಿ ಬೆನೆಡಿಕ್ಟೊವ್ ಮತ್ತು ಸಂಗಡಿಗರು ‘ಎಲೆಕ್ಟ್ರಾನ್’ ಉಪಗ್ರಹಗಳ ದಾಖಲೆಗಳಲ್ಲಿ ಇವುಗಳ ಸುಳಿವು ಹಿಡಿದರು. 1974ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಡೊನಾಲ್ಡ್ ಗರ್ನೆಟ್ ಲೆಕ್ಕ ಹಾಕಿದಾಗ, ಇವುಗಳ ಶಕ್ತಿ ಒಮ್ಮೊಮ್ಮೆ 100 ಕೋಟಿ ವಾಟ್‌ವರೆಗೂ ಏರುತ್ತದೆ ಎಂದು ತಿಳಿಯಿತು.

ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ? 1979ರಲ್ಲಿ ವು ಮತ್ತು ಲೀ ಒಂದು ಸಿದ್ಧಾಂತ ಮಂಡಿಸಿದರು. ಕಾಂತರೇಖೆಯ ಸುತ್ತ ಸುರುಳಿ ಸುತ್ತುವ ವೇಗದ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ನೇರವಾಗಿ ಅಲೆಗೆ ಧಾರೆ ಎರೆಯುತ್ತವೆ. ಆದರೆ ಅದಕ್ಕೊಂದು ಷರತ್ತು: ಅಲ್ಲಿನ ಪ್ಲಾಸ್ಮಾ ತೀರಾ ತೆಳುವಾಗಿರಬೇಕು. ಹಾಗಿದೆಯೇ ಎಂದು ಅಳೆದು ನೋಡಬೇಕಿತ್ತು. ಈ ಕತೆಯ ನಿಜವಾದ ಕಷ್ಟ, ನನಗೆ ಅತ್ಯಂತ ಪ್ರಿಯವಾದ ಭಾಗವೂ, ಇಲ್ಲಿಂದ ಶುರು.

ಪ್ಲಾಸ್ಮಾ ಅಳೆಯಲು ಹಳೆಯ ನೆಚ್ಚಿನ ಸಾಧನ ಲ್ಯಾಂಗ್ಮ್ಯೂರ್ ಪ್ರೋಬ್. ಲೋಹದ ಪುಟ್ಟ ಗೋಲಕ್ಕೆ ವೋಲ್ಟೇಜ್ ಕೊಟ್ಟು, ಅದರತ್ತ ಹರಿದು ಬರುವ ವಿದ್ಯುತ್ತಿನಿಂದ ಸುತ್ತಲಿನ ಸಾಂದ್ರತೆ ತಿಳಿಯುವುದು. ದಟ್ಟವಾದ ಅಯಾನುಗೋಳದಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಆದರೆ ಒಂದು ಘನ ಸೆಂಟಿಮೀಟರಿಗೆ ಒಂದೋ ಎರಡೋ ಎಲೆಕ್ಟ್ರಾನು ಇರುವಲ್ಲಿ, ಬಿಸಿಲು ಉಪಗ್ರಹದ ಮೈಯಿಂದಲೇ ಕಿತ್ತು ಹೊರಗಟ್ಟುವ ಎಲೆಕ್ಟ್ರಾನುಗಳು ಹೊರಗಿನವನ್ನು ಮುಳುಗಿಸಿಬಿಡುತ್ತವೆ. ಉಪಕರಣ ತನ್ನನ್ನು ಹೊತ್ತೊಯ್ದ ಉಪಗ್ರಹವನ್ನೇ ಅಳೆಯತೊಡಗುತ್ತದೆ.

ಉತ್ತರ ಸಿಕ್ಕಿದ್ದು ಅಲೆಗಳಲ್ಲೇ. ಪ್ಲಾಸ್ಮಾಕ್ಕೆ ತನ್ನದೇ ಒಂದು ಆವರ್ತನವಿದೆ. ಅದು ಎಲೆಕ್ಟ್ರಾನುಗಳ ಸಾಂದ್ರತೆಯನ್ನಷ್ಟೇ ಅವಲಂಬಿಸುತ್ತದೆ. ಘನ ಸೆಂಟಿಮೀಟರಿಗೆ 100 ಎಲೆಕ್ಟ್ರಾನು ಇದ್ದರೆ ಸುಮಾರು 90 ಕಿಲೋಹರ್ಟ್ಸ್, ಒಂದೇ ಇದ್ದರೆ 9. ಧ್ರುವಪ್ರಭೆಯ ಪ್ರದೇಶದಲ್ಲಿ ಸದಾ ಕೇಳಿಬರುವ ‘ಹಿಸ್’ ಎಂಬ ಅಲೆಗಳ ಗದ್ದಲ, ತೆಳುವಾದ ಪ್ಲಾಸ್ಮಾದಲ್ಲಿ ಈ ಆವರ್ತನವನ್ನು ದಾಟಿ ಮೇಲೇರಲಾರದು. ಆಂಟೆನಾ ಹಿಡಿದ ರೋಹಿತದಲ್ಲಿ ಗದ್ದಲ ಎಲ್ಲಿ ಥಟ್ಟನೆ ನಿಲ್ಲುತ್ತದೋ ಅಲ್ಲಿ ಸಾಂದ್ರತೆಯ ಲೆಕ್ಕವಿದೆ. ಉಪಗ್ರಹದ ಮೈಯಿಂದ ಹೊರಟ ಎಲೆಕ್ಟ್ರಾನುಗಳು ಈ ಓದನ್ನು ಕೆಡಿಸುವುದಿಲ್ಲ.

1981ರಲ್ಲಿ ವಿನ್ ಕ್ಯಾಲ್ವರ್ಟ್, ಹಾಕ್‌ಐ ಉಪಗ್ರಹದ ಅಲೆ-ದಾಖಲೆಗಳಿಂದ, ಧ್ರುವಪ್ರಭೆಯ ಕಾಂತರೇಖೆಗಳ ಮೇಲೆ ಪ್ಲಾಸ್ಮಾ ಬರಿದಾದ ಒಂದು ಪೊಟರೆಯೇ ಇದೆ ಎಂದು ತೋರಿಸಿದರು. ಡೈನಮಿಕ್ಸ್ ಎಕ್ಸ್‌ಪ್ಲೋರರ್-1ರ ಹಿಸ್ ದಾಖಲೆಗಳು ಅದನ್ನು ಗಟ್ಟಿಮಾಡಿದವು. 1986ರಲ್ಲಿ ಹಾರಿದ ಸ್ವೀಡನ್ನಿನ ವೈಕಿಂಗ್, ರೇಡಿಯೊ ಹುಟ್ಟುವ ಜಾಗದ ಒಳಗೇ ಹಾದುಹೋಯಿತು.

ಆದರೂ ಪೊಟರೆಯೊಳಗೆ ಸ್ವಲ್ಪ ತಣ್ಣನೆಯ ಪ್ಲಾಸ್ಮಾ ಉಳಿದಿರಬಹುದೆಂಬ ನಂಬಿಕೆ ಹೋಗಿರಲಿಲ್ಲ. 1996ರ ಆಗಸ್ಟಿನಲ್ಲಿ ನಾಸಾದ ಫಾಸ್ಟ್ ಉಪಗ್ರಹ ಹಾರಿತು. ಎರಡು ವರ್ಷದ ನಂತರ ರಾಬರ್ಟ್ ಸ್ಟ್ರೇಂಜ್‌ವೇ ತಂಡ ಅದರ ಕಡಿಮೆ ಆವರ್ತನದ ಅಲೆಗಳನ್ನು ಬಿಡಿಸಿ ನೋಡಿದಾಗ, ತಣ್ಣನೆಯ ಎಲೆಕ್ಟ್ರಾನುಗಳು ಬಹುಮಟ್ಟಿಗೆ ಇಲ್ಲವೇ ಇಲ್ಲ ಎಂದಾಯಿತು. ಅಲ್ಲಿರುವವು ಸಾವಿರಾರು ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಬಿಸಿ ಕಣಗಳು. 5,000 ಎಲೆಕ್ಟ್ರಾನ್‌ವೋಲ್ಟಿನ ಕಣದ ದ್ರವ್ಯರಾಶಿ, ಐನ್‌ಸ್ಟೈನರ ಸೂತ್ರದಂತೆ, ಶೇ. 1ರಷ್ಟು ಹೆಚ್ಚುತ್ತದೆ, ಅದರ ಸುತ್ತಾಟ ಅಷ್ಟೇ ನಿಧಾನವಾಗುತ್ತದೆ. ಆ ಸುತ್ತಾಟವನ್ನೇ ಅನುಸರಿಸುವ ರೇಡಿಯೊ ಅಲೆಗಳ ಆವರ್ತನ ನಿರೀಕ್ಷೆಗಿಂತ ಕೂದಲೆಳೆಯಷ್ಟು ಕೆಳಗೆ ಬೀಳುತ್ತಿದ್ದುದಕ್ಕೆ ಕಾರಣ ಅದೇ.

2008ರ ಅಕ್ಟೋಬರಿನಲ್ಲಿ ಕ್ಯಾಸಿನಿ ನೌಕೆ ಶನಿಯ ಇಂಥದೇ ರೇಡಿಯೊ ನೆಲೆಯೊಳಗೆ ಹಾದುಹೋದಾಗ, ಅಲ್ಲೂ ಬಿಸಿ ಎಲೆಕ್ಟ್ರಾನುಗಳದ್ದೇ ಮೇಲುಗೈ ಇತ್ತು.